ಬರಿದಲೆಯ ವೀರರು

ವಿಜ್ಞಾನಕಥೆಗಳನ್ನು ಆಧರಿಸಿದ ಚಲಚ್ಚಿತ್ರಗಳಲ್ಲಿ ಒಂದು ಸಂಪ್ರದಾಯವು ಬಹು ಗಟ್ಟಿಯಾಗಿ ಬೇರೂರಿದೆ. ಅದನ್ನು ಪ್ರಶ್ನಿಸುವುದೇ ರಸಭಂಗವೆಂದು ಅನೇಕರು ಭಾವಿಸುತ್ತಾರೆ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾಯುವ ನೌಕೆಗಳನ್ನು ಕಟ್ಟಿದ ಜನ, ಉಕ್ಕನ್ನು ಕ್ಷಣಮಾತ್ರದಲ್ಲಿ ಕರಗಿಸುವ ಕಿರಣಾಯುಧಗಳನ್ನು ಕಂಡುಹಿಡಿದ ಜನ, ಕೊರಳಿನಿಂದ ಕಾಲ ಹೆಬ್ಬೆರಳಿನ ವರೆಗೆ ಮೈಗೆ ಕವಚವನ್ನು ಹೊಂದಿಸಬಲ್ಲ ಜನ, ತಮ್ಮ ಅತ್ಯುತ್ತಮನಾದ ವೀರನನ್ನು ಮಾತ್ರ ಬರಿದಲೆಯಲ್ಲಿ ಯುದ್ಧಕ್ಕೆ ಕಳುಹಿಸುತ್ತಾರೆ. ಅವನ ಕೂದಲು ಗಾಳಿಗೆ ಹಾರಾಡುತ್ತದೆ. ಹಣೆಯ ಮೇಲೊಂದು ಗೀರುಗಾಯವು ತಿಲಕದಂತೆ ಶೋಭಿಸುತ್ತದೆ. ತಲೆಯನ್ನು ಭದ್ರವಾಗಿ ಮುಚ್ಚಿಕೊಂಡ ಶತ್ರುಗಳು ಅವನ ಎಡಬಲಗಳಲ್ಲಿ ಸಾಲುಸಾಲಾಗಿ ಉರುಳುತ್ತಾರೆ. ಶಿರಸ್ತ್ರಾಣವನ್ನು ಧರಿಸಿದವನು ಸಾಯುವುದೂ ಧರಿಸದವನು ಬದುಕುವುದೂ ಈ ಲೋಕಗಳಲ್ಲಿ ಪ್ರಕೃತಿನಿಯಮವೆಂಬಂತೆ ನಡೆಯುತ್ತದೆ.

1977ನೆಯ ಇಸವಿಯಲ್ಲಿ ಜಾರ್ಜ್ ಲೂಕಾಸನು ನಿರ್ದೇಶಿಸಿದ ‘ಸ್ಟಾರ್ ವಾರ್ಸ್’ ಚಿತ್ರವನ್ನು ನೋಡದಿರುವ ತರುಣರು ವಿರಳ. ಅದರಲ್ಲಿ ಲೂಕ್ ಮತ್ತು ಹಾನ್ ಎಂಬ ನಾಯಕರಿಬ್ಬರು ಶತ್ರುಸೈನಿಕರ ಬಿಳಿಯ ಕವಚವನ್ನೂ ಶಿರಸ್ತ್ರಾಣವನ್ನೂ ತೊಟ್ಟು, ವೇಷ ಮರೆಸಿಕೊಂಡು, ಶತ್ರುವಿನ ಕೋಟೆಯನ್ನು ಹೊಗುತ್ತಾರೆ. ಸದ್ದಿಲ್ಲದೆ ನಡೆದುಹೋಗಬೇಕಾದಷ್ಟು ಹೊತ್ತು ಶಿರಸ್ತ್ರಾಣವು ತಲೆಯ ಮೇಲಿರುತ್ತದೆ. ರಾಜಕುಮಾರಿಯನ್ನಿಟ್ಟಿರುವ ಸೆರೆಮನೆಯಲ್ಲಿ ಕಾಳಗವು ಹತ್ತಿಕೊಳ್ಳುವ ವೇಳೆಗೆ ಅದನ್ನು ಕಳಚಿಯಾಗಿರುತ್ತದೆ; ಇನ್ನೂ ಸ್ವಲ್ಪ ಹೊತ್ತಿಗೆ ಕವಚವೂ ಮೈಮೇಲಿಲ್ಲ. ಬೆನ್ನಟ್ಟಿ ಬರುವವರು ಹೆಚ್ಚಿದಷ್ಟೂ ನಾಯಕರ ಉಡುಪು ಹಗುರವಾಗುತ್ತದೆ. ಮೋಡ ಕವಿದಾಗ ಕೊಡೆ ಬಿಚ್ಚಿ, ಮಳೆ ಹೊಯ್ಯತೊಡಗಿದೊಡನೆ ಮಡಿಸಿಡುವ ಜಾಣತನವಿದು.

ಈ ಪದ್ಧತಿಯನ್ನು ಸಮರ್ಥಿಸುವವರ ಮೊದಲನೆಯ ವಾದವು ಎಲ್ಲರಿಗೂ ಗೊತ್ತಿದ್ದುದೇ. ಚಲಚ್ಚಿತ್ರವು ಮುಖದ ಕಲೆ. ನಟನ ಕಣ್ಣು, ತುಟಿ, ಹುಬ್ಬುಗಳಿಂದಲೇ ಭಾವವು ಪ್ರೇಕ್ಷಕನ ಹೃದಯಕ್ಕೆ ಹರಿಯಬೇಕು. ಅವನ್ನು ಉಕ್ಕಿನ ಕೊಪ್ಪರಿಗೆಯಿಂದ ಮುಚ್ಚಿದರೆ ಉಳಿಯುವುದೇನು, ಎಂದು ಅವರು ಕೇಳುತ್ತಾರೆ. ಅದರ ಜೊತೆಗೆ ಮತ್ತೊಂದು ಕಾರಣವಿದೆ. ಅದನ್ನು ಅವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಪ್ರಸಿದ್ಧ ನಟನಿಗೆ ಕೋಟಿಗಟ್ಟಲೆ ಹಣವನ್ನು ಕೊಡುವುದು ಅವನ ಮುಖಕ್ಕಾಗಿ. ಕೊಂಡ ಸರಕನ್ನು ಮುಚ್ಚಿಡುವ ವರ್ತಕನುಂಟೆ? ಚಿತ್ರೀಕರಣದ ತೊಡಕುಗಳೂ ಸುಳ್ಳಲ್ಲ. ಶಿರಸ್ತ್ರಾಣದ ಮುಂಗಾಜಿನಲ್ಲಿ ದೀಪಗಳೂ ಕ್ಯಾಮರಾವೂ ಪ್ರತಿಬಿಂಬಿಸುತ್ತವೆ; ನಟನ ಉಸಿರು ಒಳಗೆ ಮಂಜುಗಟ್ಟುತ್ತದೆ. 2013ರ ‘ಗ್ರಾವಿಟಿ’ ಎಂಬ ಚಿತ್ರದಲ್ಲಿ ಗಾಜನ್ನೇ ಬಿಟ್ಟು ಚಿತ್ರೀಕರಿಸಿ ಆ ಬಳಿಕ ಗಣಕಯಂತ್ರದಿಂದ ಗಾಜನ್ನು ಬರೆದು ಸೇರಿಸಬೇಕಾಯಿತು. ಇತರ ಕೆಲವರು ಶಿರಸ್ತ್ರಾಣದ ಒಳಗಡೆಯೇ ನಟನ ಮುಖಕ್ಕೆ ಬೀಳುವಂತೆ ದೀಪಗಳನ್ನು ಹೊತ್ತಿಸಿಡುತ್ತಾರೆ. ಇರುಳಿನಲ್ಲಿ ದೀಪವಿರುವ ಕೋಣೆಯೊಳಗೆ ನಿಂತು ಕಿಟಕಿಯ ಗಾಜಿನಾಚೆ ನೋಡಲು ಯತ್ನಿಸಿದವರಿಗೆ ಆ ದೀಪಗಳ ಬೆಲೆಯೇನೆಂಬುದು ತಿಳಿದೇ ಇದೆ: ಒಳಗಿರುವವನಿಗೆ ತನ್ನ ಮೂಗಲ್ಲದೆ ಬೇರೇನೂ ಕಾಣದು.

ತೊಡಕನ್ನು ತೊಡಕೆಂದೇ ಒಪ್ಪಿಕೊಂಡರೆ ಯಾರೂ ಜಗಳಕ್ಕೆ ಹೋಗಬೇಕಾಗಿಲ್ಲ. ಅದನ್ನು ಕಲೆಯ ಸೂತ್ರವೆಂದು ಸಾರಿದಾಗ ಮಾತ್ರ ಅದು ಪರೀಕ್ಷೆಗೆ ನಿಲ್ಲಬೇಕಾಗುತ್ತದೆ, ನಿಂತರೆ ಉಳಿಯುವುದಿಲ್ಲ. ಅದೇ ‘ಸ್ಟಾರ್ ವಾರ್ಸ್’ ಚಿತ್ರದಿಂದ ಲೋಕದ ನೆನಪಿನಲ್ಲಿ ಅಚ್ಚೊತ್ತಿ ನಿಂತ ಮುಖ ಯಾವುದು? ಲೂಕನದಲ್ಲ, ಹಾನನದಲ್ಲ, ಡಾರ್ತ್ ವೇಡರನ ಕಪ್ಪು ಮುಖವಾಡ. ಅದರೊಳಗೆ ಶರೀರವು ಡೇವಿಡ್ ಪ್ರೌಸ್ ಎಂಬುವನದು. ಧ್ವನಿಯು ಜೇಮ್ಸ್ ಅರ್ಲ್ ಜೋನ್ಸನದು. 1983ರ ಚಿತ್ರದಲ್ಲಿ ಮಗನು ಆ ಶಿರಸ್ತ್ರಾಣವನ್ನು ತೆಗೆದಾಗ ಕಂಡ ಮುಖವು ಸೆಬಾಸ್ಟಿಯನ್ ಶಾ ಎಂಬ ಮೂರನೆಯವನದು. ಒಬ್ಬ ಪಾತ್ರಕ್ಕೆ ಮೂವರು ನಟರಾದರೂ, ಹುಬ್ಬು ಕುಣಿಸುವುದಕ್ಕೆ ಒಂದು ಎಳೆಯಷ್ಟು ಎಡೆ ಇಲ್ಲದಿದ್ದರೂ, ಆ ಪಾತ್ರದ ಕ್ರೋಧವಾಗಲಿ ದುಃಖವಾಗಲಿ ಯಾರಿಗೂ ತಿಳಿಯದೆ ಹೋಗಲಿಲ್ಲ. ಗ್ರೀಕರ ರುದ್ರನಾಟಕಗಳನ್ನು ಆಡಿದವರು ಮುಖವಾಡ ತೊಟ್ಟವರು. ಜಪಾನೀಯರ ನೋ ನಾಟಕದ ನಟರು ಇಂದಿಗೂ ತೊಡುತ್ತಾರೆ. ಕನ್ನಡನಾಡಿನ ಹಳ್ಳಿಗಳಲ್ಲಿ ತೊಗಲುಗೊಂಬೆಯ ಸೀತೆಯನ್ನು ನೋಡಿ ಕಣ್ಣೀರಿಟ್ಟ ಮುದುಕಿಯರು ಅವಳ ತುಟಿ ಅಲುಗಲಿಲ್ಲವೆಂದು ದೂರಿದ್ದುಂಟೆ?

ಜಡ್ಜ್ ಡ್ರೆಡ್ ಎಂಬ ನ್ಯಾಯಾಧಿಪತಿಯ ಕಥೆಯು ಇನ್ನೂ ಬೋಧಪ್ರದವಾಗಿದೆ. 1977ರಲ್ಲಿ ಇಂಗ್ಲೆಂಡಿನ ಚಿತ್ರಕಥಾಪತ್ರಿಕೆಯೊಂದರಲ್ಲಿ ಜಾನ್ ವ್ಯಾಗ್ನರ್ ಮತ್ತು ಕಾರ್ಲೋಸ್ ಎಜ್ಕೆರ್ರಾ ಎಂಬಿಬ್ಬರು ಸೃಷ್ಟಿಸಿದ ಈ ಪಾತ್ರದ ಮುಖವನ್ನು ಓದುಗರಿಗೆ ತೋರಿಸುವುದಿಲ್ಲವೆಂಬುದೇ ಕಥೆಯ ಮರ್ಮ. ಅವನು ಮನುಷ್ಯನಲ್ಲ, ಕಾನೂನು. 1995ರಲ್ಲಿ ಈ ಪಾತ್ರವನ್ನು ಸಿಲ್ವೆಸ್ಟರ್ ಸ್ಟಲೋನನು ಅಭಿನಯಿಸಿದಾಗ ಶಿರಸ್ತ್ರಾಣವು ಬೇಗನೆ ಕೆಳಗಿಳಿಯಿತು. ಕಾನೂನು ಹೋಗಿ ನಟನು ಉಳಿದನು. 2012ರಲ್ಲಿ ಕಾರ್ಲ್ ಅರ್ಬನ್ ಎಂಬ ನಟನು ಆದ್ಯಂತವಾಗಿ ಮುಖವನ್ನು ತೋರಿಸದೆ, ಗಲ್ಲ ತುಟಿಗಳೆರಡರಿಂದಲೇ ಅದೇ ಪಾತ್ರವನ್ನು ನಡೆಸಿದನು. ಎರಡನೆಯ ಚಿತ್ರವು ಹಣ ತರಲಿಲ್ಲವೆಂದು ವಿರೋಧಿಗಳು ಹೇಳಬಹುದು. ನಿಜ; ಆದರೆ ಮುಖ ತೋರಿಸಿದ ಮೊದಲನೆಯ ಚಿತ್ರವೂ ನಿರೀಕ್ಷಿಸಿದ ಯಶಸ್ಸನ್ನು ಪಡೆಯಲಿಲ್ಲ. ಸೋಲು ಸಮವಾದ ಮೇಲೆ ಪಾತ್ರಕ್ಕೆ ನಿಷ್ಠೆಯಿಂದ ಸೋತುದು ಮೇಲಲ್ಲವೆ?

ಜಾಣರಾದವರು ನಡುದಾರಿಯನ್ನೂ ಕಂಡುಕೊಂಡಿದ್ದಾರೆ. 2008ರ ‘ಐರನ್ ಮ್ಯಾನ್’ ಚಿತ್ರದಲ್ಲಿ ಹೊರಗಿನಿಂದ ಕಬ್ಬಿಣದ ಮುಖವನ್ನೂ ಒಳಗಿನಿಂದ ನಟನ ಮುಖವನ್ನೂ ಒಂದಾದ ಮೇಲೊಂದರಂತೆ ತೋರಿಸಿದರು. ವೀರನ ತಲೆಯೂ ಉಳಿಯಿತು, ಪ್ರೇಕ್ಷಕರಿಗೆ ಭಾವವೂ ದೊರೆಯಿತು. ಅದೇ ವೀರನ ಶಿರಸ್ತ್ರಾಣವು ಮುಂದಿನ ಚಿತ್ರಗಳಲ್ಲಿ ಮಾತು ಬಂದಾಗಲೆಲ್ಲ ಮಾಯವಾಗತೊಡಗಿದುದು ಬೇರೆಯ ಮಾತು. ಒಳ್ಳೆಯ ಉಪಾಯವನ್ನು ಕಂಡುಹಿಡಿದವರೇ ಅದನ್ನು ಕಾಯುತ್ತಾರೆಂಬ ನಿಯಮವಿಲ್ಲ.

ಕಟ್ಟುಕಥೆಗಳೆಲ್ಲ ಹಾಗಿರಲಿ. ಆಕಾಶಯಾನದ ವಿಷಯದಲ್ಲಿ ಮನುಷ್ಯನು ನಿಜವಾಗಿ ಮಾಡಿದ ಅತ್ಯಂತ ಧೀರಕಾರ್ಯದ ಚಿತ್ರವೊಂದು ಲೋಕದ ಎದುರಿಗಿದೆ. 1969ನೆಯ ಇಸವಿಯ ಜುಲೈ ತಿಂಗಳಲ್ಲಿ ಚಂದ್ರನ ಮೇಲೆ ನೀಲ್ ಆರ್ಮ್‌ಸ್ಟ್ರಾಂಗನು ತನ್ನ ಜೊತೆಗಾರನಾದ ಬಜ್ ಆಲ್ಡ್ರಿನನನ್ನು ನಿಲ್ಲಿಸಿ ತೆಗೆದ ಛಾಯಾಚಿತ್ರವದು. ಪಾಠಪುಸ್ತಕಗಳಲ್ಲಿ, ಅಂಚೆಚೀಟಿಗಳಲ್ಲಿ, ಗೋಡೆಯ ಪಟಗಳಲ್ಲಿ ಅದನ್ನು ಕಾಣದ ವಿದ್ಯಾವಂತರಿಲ್ಲ. ಆ ಚಿತ್ರದಲ್ಲಿ ಆಲ್ಡ್ರಿನನ ಮುಖವೇ ಕಾಣುವುದಿಲ್ಲ. ಸೂರ್ಯನ ತೀಕ್ಷ್ಣಕಿರಣಗಳಿಂದ ಕಣ್ಣನ್ನು ಕಾಪಾಡುವುದಕ್ಕಾಗಿ ಮುಂಗಾಜಿಗೆ ಚಿನ್ನದ ತೆಳುಲೇಪವನ್ನು ಕೊಟ್ಟಿದ್ದರು. ಮುಖವಿರಬೇಕಾದ ಎಡೆಯಲ್ಲಿ ಬೂದುಬಣ್ಣದ ನೆಲ, ಕಪ್ಪು ಆಕಾಶ, ಇಳಿದು ನಿಂತ ನೌಕೆ, ಮತ್ತು ಚಿತ್ರ ತೆಗೆಯುತ್ತಿರುವ ಆರ್ಮ್‌ಸ್ಟ್ರಾಂಗನ ಪುಟ್ಟ ಆಕಾರ ಮೂಡಿವೆ. ಚಂದ್ರನ ಮೇಲೆ ಮೊದಲು ಕಾಲಿಟ್ಟವನು ಎರಡನೆಯವನ ಶಿರಸ್ತ್ರಾಣದಲ್ಲಿ ಪ್ರತಿಬಿಂಬವಾಗಿ ನಿಂತಿದ್ದಾನೆ. ಈ ಚಿತ್ರದಲ್ಲಿ ವೀರತ್ವವು ಕಡಮೆಯಾಯಿತೆಂದು, ಭಾವವು ತಲಪಲಿಲ್ಲವೆಂದು, ನಟನಿಗೆ ಕೊಟ್ಟ ಹಣವು ವ್ಯರ್ಥವಾಯಿತೆಂದು ಯಾರೂ ಹೇಳಿಲ್ಲ. ಅಲ್ಲಿ ಶಿರಸ್ತ್ರಾಣವನ್ನು ತೆಗೆದಿದ್ದರೆ ಹದಿನೈದು ಸೆಕೆಂಡುಗಳೊಳಗೆ ಪ್ರಜ್ಞೆ ತಪ್ಪುತ್ತಿತ್ತೆಂಬುದು ನೋಡುವವರಿಗೆಲ್ಲ ತಿಳಿದಿದೆ. ಆ ತಿಳಿವಳಿಕೆಯಿಂದಲೇ ಚಿತ್ರಕ್ಕೆ ಅಷ್ಟೊಂದು ಗಾಂಭೀರ್ಯ ಬಂದಿದೆ. ಗಾಜಿನ ಈಚೆಗೆ ಬದುಕು, ಆಚೆಗೆ ಮರಣ.

ಸಮರ್ಥಕರ ಎರಡನೆಯ ವಾದವು ಹಿಂದಿನವರನ್ನು ಸಾಕ್ಷಿಗೆ ಕರೆಯುತ್ತದೆ. ಪುರಾತನ ಕಾಲದಿಂದಲೂ ಕವಿಗಳು ಶಿಲ್ಪಿಗಳು ವೀರನನ್ನು ಮುಖವೆತ್ತಿ ನಿಂತವನನ್ನಾಗಿಯೇ ಕಂಡರು. ಇಂದಿನ ಚಿತ್ರಕಾರರು ಆ ಪರಂಪರೆಗೆ ವಾರಸುದಾರರು, ಎಂಬುದು ಅವರ ಮಾತು. ಸಾಕ್ಷಿಗಳನ್ನು ಕರೆದರೆ ಅವರು ಎದುರುಪಕ್ಷಕ್ಕೇ ನುಡಿಯುತ್ತಾರೆ. ಹೋಮರನ ‘ಇಲಿಯಡ್’ ಕಾವ್ಯದಲ್ಲಿ ಹೆಕ್ಟರನಿಗೆ ಮೇಲಿಂದಮೇಲೆ ಬರುವ ವಿಶೇಷಣವೇ ಅವನ ಹೊಳೆಯುವ ಶಿರಸ್ತ್ರಾಣವನ್ನು ಕುರಿತದ್ದು. ಆರನೆಯ ಸರ್ಗದಲ್ಲಿ ಅವನು ಯುದ್ಧದ ನಡುವೆ ಊರೊಳಗೆ ಬಂದು ಮಡದಿಯನ್ನೂ ಮಗುವನ್ನೂ ಕಾಣುತ್ತಾನೆ. ಎತ್ತಿಕೊಳ್ಳಲು ಕೈ ಚಾಚಿದರೆ, ಶಿರಸ್ತ್ರಾಣದ ಮೇಲೆ ಅಲುಗುವ ಕುದುರೆಗೂದಲಿನ ತುರಾಯಿಯನ್ನು ನೋಡಿ ಮಗು ಬೆದರಿ ಅಳುತ್ತದೆ. ತಂದೆತಾಯಿಗಳಿಬ್ಬರೂ ನಗುತ್ತಾರೆ, ಹೆಕ್ಟರನು ಶಿರಸ್ತ್ರಾಣವನ್ನು ತೆಗೆದು ನೆಲದ ಮೇಲಿಟ್ಟು ಮಗುವನ್ನು ಮುದ್ದಿಸುತ್ತಾನೆ, ಹೊರಡುವಾಗ ಮತ್ತೆ ಅದನ್ನೆತ್ತಿಕೊಳ್ಳುತ್ತಾನೆ. ವೀರನ ಮುಖ ಯಾರಿಗೆ, ಯಾವಾಗ ಕಾಣಬೇಕೆಂಬುದನ್ನು ಆ ಕವಿಯು ಬಲ್ಲನು. ಅದೇ ಕಾವ್ಯದ ಹದಿನಾರನೆಯ ಸರ್ಗದಲ್ಲಿ ಅಪೋಲೋ ದೇವನು ಪೆಟ್ರೋಕ್ಲಸನ ತಲೆಯಿಂದ ಶಿರಸ್ತ್ರಾಣವನ್ನು ಹೊಡೆದು ಬೀಳಿಸುತ್ತಾನೆ; ಅದು ಧೂಳಿನಲ್ಲಿ ಉರುಳುತ್ತದೆ; ಆಮೇಲೆ ಪೆಟ್ರೋಕ್ಲಸನಿಗೆ ಉಳಿಗಾಲವಿಲ್ಲ. ರಣಭೂಮಿಯಲ್ಲಿ ಬರಿದಲೆಯೆಂದರೆ ಹೋಮರನಲ್ಲಿ ಮೃತ್ಯುವಿನ ಗುರುತು. ಇಂದಿನ ಚಿತ್ರಗಳಲ್ಲಿ ಅದೇ ಅಮರತ್ವದ ಗುರುತಾಗಿದೆ. ಪರಂಪರೆಯೆಂದರೆ ಇದೇ ಏನು?

ಹೋಮರನ ಮರ್ಮವನ್ನು ಅರಿತ ಆಧುನಿಕರೂ ಇಲ್ಲದಿಲ್ಲ. 2019ರಲ್ಲಿ ಆರಂಭವಾದ ‘ಮ್ಯಾಂಡಲೋರಿಯನ್’ ಎಂಬ ಧಾರಾವಾಹಿಯಲ್ಲಿ ನಾಯಕನು ಅನ್ಯರೆದುರು ಶಿರಸ್ತ್ರಾಣವನ್ನು ತೆಗೆಯಬಾರದೆಂಬುದು ಅವನ ಪಂಥದ ನಿಯಮ. ಎಷ್ಟೋ ಸಂಚಿಕೆಗಳ ತನಕ ಪ್ರೇಕ್ಷಕರಿಗೆ ಅವನ ಧ್ವನಿಯೇ ಗತಿ. ತಾನು ಸಲಹಿದ ಮಗುವನ್ನು ಬೀಳ್ಕೊಡಬೇಕಾಗಿ ಬಂದ ಗಳಿಗೆಯಲ್ಲಿ ಅವನು ನಿಯಮವನ್ನು ಮುರಿದು ಅದನ್ನು ತೆಗೆಯುತ್ತಾನೆ. ಮಗು ಅವನ ಕೆನ್ನೆಯನ್ನು ಮುಟ್ಟುತ್ತದೆ. ಮೊದಲಿನಿಂದಲೂ ಬರಿದಲೆಯಲ್ಲಿ ತಿರುಗಿದ್ದರೆ ಆ ಗಳಿಗೆಗೆ ಬೆಲೆಯೆಲ್ಲಿಂದ ಬರುತ್ತಿತ್ತು?

ಇತಿಹಾಸದ ವೀರರೂ ಹೀಗೆಯೇ ನುಡಿಯುತ್ತಾರೆ. ಕ್ರಿಸ್ತಪೂರ್ವ 334ರಲ್ಲಿ ಗ್ರಾನಿಕಸ್ ನದಿಯ ಕಾಳಗದಲ್ಲಿ ಅಲೆಕ್ಸಾಂಡರನ ತಲೆಯ ಮೇಲೆ ಪರ್ಷಿಯದ ಸರದಾರನೊಬ್ಬನ ಏಟು ಬಿತ್ತು. ಶಿರಸ್ತ್ರಾಣದ ತುರಾಯಿಯು ಒಂದು ಗರಿಯೊಡನೆ ಕಡಿದುಹೋಯಿತೆಂದೂ, ಅಲಗು ಕೂದಲನ್ನು ಮುಟ್ಟಿತೆಂದೂ ಪ್ಲುಟಾರ್ಕನು ಬರೆದಿದ್ದಾನೆ. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು. ಕರ್ಣನ ಸರ್ಪಾಸ್ತ್ರವು ಅರ್ಜುನನ ಕಿರೀಟವನ್ನು ಮಾತ್ರ ಹಾರಿಸಿಕೊಂಡು ಹೋದ ಕಥೆಯನ್ನು ಕೇಳುತ್ತ ಬೆಳೆದವರಿಗೆ ಈ ಗಾದೆಯನ್ನು ವಿವರಿಸಬೇಕಾಗಿಲ್ಲ. ಆ ಗ್ರೀಕ್ ವೀರನು ಸೈನ್ಯದ ನಡುವೆ ಎಲ್ಲರಿಗೂ ಗುರುತು ಸಿಗುತ್ತಿದ್ದುದು ಬರಿಯ ಮುಖದಿಂದಲ್ಲ, ಶಿರಸ್ತ್ರಾಣದ ಇಕ್ಕೆಲಗಳಲ್ಲಿಯೂ ಸಿಕ್ಕಿಸಿದ್ದ ಬಿಳಿಯ ಗರಿಗಳಿಂದ, ಎಂದೂ ಅದೇ ಗ್ರಂಥಕಾರನು ಹೇಳುತ್ತಾನೆ. 1066ರಲ್ಲಿ ಹೇಸ್ಟಿಂಗ್ಸ್ ಕದನದಲ್ಲಿ ನಾರ್ಮಂಡಿಯ ವಿಲಿಯಮನು ಸತ್ತನೆಂಬ ಸುದ್ದಿ ಹಬ್ಬಿ ಸೈನ್ಯವು ಹಿಮ್ಮೆಟ್ಟತೊಡಗಿದಾಗ ಅವನು ಶಿರಸ್ತ್ರಾಣವನ್ನು ಎತ್ತಿ ಮುಖ ತೋರಿಸಿದನು. ಬಾಯೂವಿನ ಕಸೂತಿಪಟದಲ್ಲಿ ಆ ದೃಶ್ಯವನ್ನು ಇಂದಿಗೂ ಕಾಣಬಹುದು. ಅವನು ಅದನ್ನು ಎತ್ತಿದನೇ ಹೊರತು ಎಸೆಯಲಿಲ್ಲ. ಶಿಲ್ಪಿಗಳೆಂದರೆ, ಅಥೆನ್ಸಿನ ಪೆರಿಕ್ಲಿಸನ ಪ್ರಸಿದ್ಧವಾದ ಪ್ರತಿಮೆಯಲ್ಲಿ ಶಿರಸ್ತ್ರಾಣವನ್ನು ನೆತ್ತಿಯ ಮೇಲಕ್ಕೆ ಸರಿಸಿ ಮುಖವನ್ನು ತೆರೆದಿಟ್ಟಿದ್ದಾರೆ. ಎರಡೂವರೆ ಸಾವಿರ ವರ್ಷಗಳ ಹಿಂದೆ ಕಲ್ಲುಕುಟಿಗನಿಗೆ ಹೊಳೆದ ಈ ಉಪಾಯವು ಕೋಟ್ಯಧೀಶರಾದ ಚಿತ್ರನಿರ್ಮಾಪಕರಿಗೆ ಹೊಳೆಯಬಾರದೆ?

ಬರಿದಲೆಯ ಯುದ್ಧವನ್ನು ನಿಜವಾಗಿ ಪರೀಕ್ಷಿಸಿದ ಕಾಲವೂ ಒಂದುಂಟು. 1914ರ ಆಗಸ್ಟಿನಲ್ಲಿ ಯೂರೋಪಿನ ಸೈನ್ಯಗಳು ಹೊರಟಾಗ ಫ್ರೆಂಚರ ತಲೆಯ ಮೇಲೆ ಬಟ್ಟೆಯ ಟೊಪ್ಪಿಗೆ; ಇಂಗ್ಲಿಷರದೂ ಬಟ್ಟೆಯದೇ; ಜರ್ಮನರದು ಮೊಳೆಯಂಥ ಮೊನೆಯುಳ್ಳ ತೊಗಲಿನದು. ಕಂದಕಗಳಲ್ಲಿ ಕುಳಿತವರ ಮೇಲೆ ಆಕಾಶದಲ್ಲಿಯೇ ಸಿಡಿಯುವ ಗುಂಡುಗಳು ಉಕ್ಕಿನ ಚೂರುಗಳನ್ನು ಸುರಿಸಿದುವು. ಆಸ್ಪತ್ರೆಗಳು ತಲೆಯೊಡೆದವರಿಂದ ತುಂಬಿದುವು. 1915ರಲ್ಲಿ ಫ್ರೆಂಚರು ಏಡ್ರಿಯನ್ ಶಿರಸ್ತ್ರಾಣವನ್ನೂ, ಅದೇ ವರ್ಷ ಇಂಗ್ಲಿಷರು ಬ್ರೋಡಿಯ ತಟ್ಟೆಯಂಥ ಶಿರಸ್ತ್ರಾಣವನ್ನೂ, 1916ರಲ್ಲಿ ಜರ್ಮನರು ತಮ್ಮ ಉಕ್ಕಿನ ಶಿರಸ್ತ್ರಾಣವನ್ನೂ ತಂದರು. ಶತಮಾನಗಳ ಹಿಂದೆ ಬಿಟ್ಟಿದ್ದ ತಲೆಗಾಪನ್ನು ಎರಡೇ ವರ್ಷಗಳಲ್ಲಿ ಮೂರು ಮಹಾರಾಷ್ಟ್ರಗಳು ಮತ್ತೆ ಧರಿಸಿದುವು. ಹೇಡಿತನವು ಹೆಚ್ಚಿತೆಂಬುದು ಅದಕ್ಕೆ ಕಾರಣವಲ್ಲ.

ಕಾರಣವನ್ನು ಕಥೆಯೊಳಗೇ ಕೊಡಬಲ್ಲವನಿಗೆ ವಿನಾಯಿತಿ ಸಲ್ಲಬೇಕು. ಫ್ರಾಂಕ್ ಹರ್ಬರ್ಟನು 1965ರಲ್ಲಿ ಪ್ರಕಟಿಸಿದ ‘ಡ್ಯೂನ್’ ಕಾದಂಬರಿಯಲ್ಲಿ ಪ್ರತಿಯೊಬ್ಬ ಯೋಧನನ್ನೂ ಒಂದು ಅದೃಶ್ಯವಾದ ಶಕ್ತಿಯ ತೆರೆ ಸುತ್ತುವರಿದಿರುತ್ತದೆ. ವೇಗವಾಗಿ ಬರುವುದನ್ನು ಅದು ತಡೆಯುತ್ತದೆ, ನಿಧಾನವಾಗಿ ನುಗ್ಗುವ ಅಲಗನ್ನು ಮಾತ್ರ ಒಳಗೆ ಬಿಡುತ್ತದೆ. ಅಂಥ ಲೋಕದಲ್ಲಿ ಉಕ್ಕಿನ ಟೊಪ್ಪಿಗೆ ಬೇಕಿಲ್ಲವೆಂದರೆ ಒಪ್ಪಬಹುದು. ಆದರೆ 2021ರಲ್ಲಿ ತೆರೆಗೆ ಬಂದ ಅದರ ಚಿತ್ರದಲ್ಲಿ ಅದೇ ತೆರೆಯೊಳಗಿರುವ ಶತ್ರುಸೈನಿಕರಿಗೆ ಶಿರಸ್ತ್ರಾಣವಿದೆ, ಅವರೆದುರು ಕಾದಾಡುವ ನಾಯಕರಿಗೆ ಇಲ್ಲ! ಬೇಡವಾದ ವಸ್ತುವನ್ನು ಒಂದು ಪಕ್ಷಕ್ಕೆ ಮಾತ್ರ ಹಂಚಿದುದೇಕೆ?

ವಾದದ ಮೂಲವಿರುವುದು ಇಲ್ಲಿಯೇ. ನಾಯಕನಿಗೆ ಶಿರಸ್ತ್ರಾಣವಿಲ್ಲವೆಂಬುದು ಅರ್ಧ ಸಂಗತಿ; ಶತ್ರುವಿಗೆ ಅದು ತಪ್ಪದೆ ಇರುತ್ತದೆಂಬುದು ಉಳಿದರ್ಧ. ತಲೆಯನ್ನು ಕಾಯುವುದಕ್ಕೆಂದು ಅದನ್ನು ಅವನಿಗೆ ಕೊಟ್ಟಿಲ್ಲ. ಒಂದು ಗುಂಡಿನಿಂದಲೂ ಅದು ಅವನನ್ನು ಕಾಪಾಡಿದ್ದು ಕಾಣದು. ಅವನ ಮುಖವನ್ನು ಮರೆಮಾಡುವುದಕ್ಕಾಗಿ ಕೊಟ್ಟಿದೆ. ಮುಖವಿಲ್ಲದವನಿಗೆ ಹೆಸರಿಲ್ಲ, ವಯಸ್ಸಿಲ್ಲ, ಮನೆಯಲ್ಲಿ ಕಾಯುವವರಿಲ್ಲ. ಅವನು ಬಿದ್ದಾಗ ಪ್ರೇಕ್ಷಕರ ಕೈಯಲ್ಲಿರುವ ಕಡಲೆಕಾಯಿ ಅಲ್ಲಿಯೇ ನಿಲ್ಲುವುದಿಲ್ಲ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನೂರು ಜನ ಸತ್ತರೂ ಕೊಲೆಯಾದಂತೆ ಯಾರಿಗೂ ತೋರುವುದಿಲ್ಲ. ಹತ್ತು ಮಂದಿ ಕೂಲಿನಟರನ್ನೇ ಸಾವಿರ ಸಲ ಸಾಯಿಸಬಹುದೆಂಬ ಅನುಕೂಲವೂ ನಿರ್ಮಾಪಕನಿಗೆ ಇದರಿಂದ ಒದಗುತ್ತದೆ. ಮುಖವು ಹೀಗೆ ಬದುಕುವ ಹಕ್ಕಿನ ಚೀಟಿಯಾಗಿದೆ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದೆಂಬುದನ್ನು ಕಥೆ ಮೊದಲಾಗುವ ಮುಂಚೆಯೇ ಉಡುಪಿನವನು ತೀರ್ಮಾನಿಸಿರುತ್ತಾನೆ. ನಿಜವಾದ ಯುದ್ಧಗಳಲ್ಲಿಯೂ ಸರಕಾರಗಳು ತಮ್ಮ ಪ್ರಜೆಗಳಿಗೆ ಶತ್ರುವನ್ನು ಹೀಗೆಯೇ ಮುಖವಿಲ್ಲದ ಗುಂಪಾಗಿ ತೋರಿಸಿದುದುಂಟು. ಆ ಪಾಠವನ್ನು ವಿನೋದದ ರೂಪದಲ್ಲಿ ಮನೆಮನೆಯ ಮಕ್ಕಳಿಗೆ ಕಲಿಸುವುದು ಸಣ್ಣ ವಿಷಯವೆನ್ನಬಹುದೆ?

ಈ ಮರ್ಮವು ಚಿತ್ರಕಾರರಿಗೆ ತಿಳಿಯದುದಲ್ಲ. 2015ರ ಡಿಸೆಂಬರಿನಲ್ಲಿ ಬಂದ ‘ಸ್ಟಾರ್ ವಾರ್ಸ್’ ಮಾಲೆಯ ಏಳನೆಯ ಚಿತ್ರದ ಆರಂಭದಲ್ಲಿ ಒಬ್ಬ ಬಿಳಿಯ ಕವಚದ ಸೈನಿಕನು ಸಾಯುತ್ತ ಜೊತೆಗಾರನ ಶಿರಸ್ತ್ರಾಣವನ್ನು ಮುಟ್ಟುತ್ತಾನೆ. ರಕ್ತದ ಬೆರಳುಗುರುತು ಅದರ ಮೇಲೆ ಉಳಿಯುತ್ತದೆ. ನೂರಾರು ಒಂದೇ ತೆರನಾದ ತಲೆಗಳ ನಡುವೆ ಒಂದಕ್ಕೆ ಗುರುತು ಬಂತು. ಆ ಸೈನಿಕನು ಶಿರಸ್ತ್ರಾಣವನ್ನು ತೆಗೆಯುತ್ತಾನೆ. ಒಳಗೆ ಬೆವೆತು ಬೆದರಿದ ಒಬ್ಬ ಯುವಕ. ಅದುವರೆಗೆ ಅವನಿಗಿದ್ದುದು ಹೆಸರಲ್ಲ, ಒಂದು ಸಂಖ್ಯೆ. ಮುಂದೆ ಫಿನ್ ಎಂಬ ಹೆಸರು ದೊರೆಯುತ್ತದೆ. ಆ ಒಂದು ದೃಶ್ಯದಲ್ಲಿ ಮೂವತ್ತೆಂಟು ವರ್ಷಗಳ ಅನ್ಯಾಯವನ್ನು ಚಿತ್ರವು ತಾನೇ ಒಪ್ಪಿಕೊಂಡಂತಾಯಿತು. ಒಪ್ಪಿಕೊಂಡು ಮಾಡಿದ್ದೇನು? ಫಿನ್ ಬರಿದಲೆಯ ನಾಯಕರ ಪಂಕ್ತಿಗೆ ಸೇರಿದನು. ನಿನ್ನೆಯ ತನಕ ತನ್ನ ಜೊತೆಯಲ್ಲಿ ಉಂಡವರನ್ನು ಇಂದು ಹರ್ಷದಿಂದ ಹೊಡೆದುರುಳಿಸಿದನು. ಅವರ ಶಿರಸ್ತ್ರಾಣಗಳೊಳಗೂ ಬೆವೆತ ಮುಖಗಳಿರಬೇಕೆಂಬ ಯೋಚನೆ ಅವನಿಗೂ ಬರಲಿಲ್ಲ, ಅವನನ್ನು ಸೃಷ್ಟಿಸಿದವರಿಗೂ ಬರಲಿಲ್ಲ.

ಬರೆದ ಸಾಹಿತ್ಯವು ಈ ವಿಷಯದಲ್ಲಿ ತೆರೆಗಿಂತ ಪ್ರಾಮಾಣಿಕವಾಗಿದೆಯೆನ್ನಬೇಕು. ಕಾಗದದ ಮೇಲೆ ನಟನ ಮುಖವನ್ನು ಮಾರಬೇಕಾದ ಕಷ್ಟವಿಲ್ಲ. ಜೋ ಹಾಲ್ಡ್‌ಮನ್ನನು ವಿಯೆಟ್ನಾಮಿನಲ್ಲಿ ಯುದ್ಧಮಾಡಿ ಗಾಯಗೊಂಡು ಬಂದವನು. 1974ರಲ್ಲಿ ಪ್ರಕಟವಾದ ಅವನ ‘ಫಾರೆವರ್ ವಾರ್’ ಕಾದಂಬರಿಯಲ್ಲಿ ಕವಚವು ಸೈನಿಕನನ್ನು ಬದುಕಿಸುವ ಗರ್ಭವೂ ಹೌದು, ಸಣ್ಣ ತಪ್ಪಿಗೂ ಅವನನ್ನು ಕೊಲ್ಲುವ ಗೋರಿಯೂ ಹೌದು. ರಾಬರ್ಟ್ ಹೈನ್‌ಲೈನನು 1959ರಲ್ಲಿ ಬರೆದ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಗ್ರಂಥದ ಯೋಧನು ತಲೆಯಿಂದ ಕಾಲವರೆಗೆ ಯಂತ್ರಕವಚದೊಳಗೆ ಅಡಗಿದವನು. ಅವನ ಮುಖವನ್ನು ನೋಡದೆಯೇ ಓದುಗರು ಅವನ ಭಯವನ್ನೂ ಬೇಸರವನ್ನೂ ಅರಿಯುತ್ತಾರೆ.

ಈ ಗ್ರಂಥವನ್ನು 1997ರಲ್ಲಿ ಪೌಲ್ ವರ್ಹೂವನ್ನನು ಚಿತ್ರವನ್ನಾಗಿ ಮಾಡಿದಾಗ ಯಂತ್ರಕವಚವನ್ನು ಪೂರ್ತಿಯಾಗಿ ಕೈಬಿಟ್ಟನು, ಮುಖಗಳು ತೆರೆದುಕೊಂಡುವು. ಆದರೂ ಆ ಚಿತ್ರದಲ್ಲಿ ಒಂದು ದೃಶ್ಯವುಂಟು. ತರಬೇತಿಯ ಶಿಬಿರದಲ್ಲಿ ನಿಜವಾದ ಗುಂಡುಗಳಿಂದ ಅಭ್ಯಾಸ ನಡೆಯುತ್ತಿರುತ್ತದೆ. ಬ್ರೆಕಿನ್‌ರಿಜ್ ಎಂಬ ತರುಣನ ಶಿರಸ್ತ್ರಾಣದಲ್ಲಿ ಏನೋ ಕೆಟ್ಟಿದೆ. ಅವನ ತಂಡದ ನಾಯಕನಾದ ರಿಕೋ ಅದನ್ನು ತೆಗೆಯೆಂದು ಹೇಳುತ್ತಾನೆ, ಅವನು ತೆಗೆಯುತ್ತಾನೆ. ಅಷ್ಟರಲ್ಲಿ ಒಬ್ಬಾಕೆಯ ಕೈಯಲ್ಲಿದ್ದ ಕೋವಿ ಹಾರಿ, ಗುಂಡು ನೇರವಾಗಿ ಆ ಬರಿದಲೆಗೆ ತಗಲುತ್ತದೆ. ಬರಿದಲೆಗೆ ಗುಂಡು ತಗಲಿದರೆ ಏನಾಗುತ್ತದೆಂಬುದನ್ನು ಇಡೀ ಪ್ರಕಾರದಲ್ಲಿ ಅಷ್ಟು ಸ್ಪಷ್ಟವಾಗಿ ತೋರಿಸಿದ ದೃಶ್ಯಗಳು ಬಹಳವಿಲ್ಲ. ಸತ್ತವನು ಬ್ರೆಕಿನ್‌ರಿಜ್, ತೆಗೆಯೆಂದು ಹೇಳಿದ ರಿಕೋ ಚಾಟಿಯ ಏಟು ತಿಂದು, ಬದುಕಿ, ಮೇಲಕ್ಕೇರಿ, ಅಧಿಕಾರಿಯಾಗುತ್ತಾನೆ. ಕಥಾನಾಯಕನು ಅವನೇ.